ಐದನೆಯ ತಂತಿ

ಡೆಲ್ಮರ್ ಕೊಸ್ಕೆಲನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು, ನಾನು ಹೆರಿಗೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ವಾರ. ನನ್ನ ಗಂಡ ರೂಡಿ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ಕೆಲಸಕ್ಕೆ ಡೆಲ್ಮರ್ ಅಂತ ಹೊಸಬನೊಬ್ಬ ಬಂದಿದಾನೆ. ಎಲ್ಲರೆದುರಿಗೂ ನನಗೊಂದು ಅಡ್ಡಹೆಸರಿಟ್ಟ" ಎಂದ. ಏನು ಹೆಸರು ಎಂದರೆ ಬಾಯಿ ಬಿಡಲಿಲ್ಲ. ಆಮೇಲೆ ಅಂಗಡಿಯಲ್ಲಿ ಗೊತ್ತಾಯಿತು: ಕುಲಾವಿ.

ಇಬ್ಬರದೂ ಮನೆ ಬಿಸಿ ಮಾಡುವ ಫರ್ನೇಸ್ ಕೂರಿಸುವ ಕೆಲಸ. ಮಿನೆಸೋಟದ ನಮ್ಮ ಗಣಿ ಊರಿನಲ್ಲಿ ಅದಿಲ್ಲದೆ ಚಳಿಗಾಲವಿಲ್ಲ. ನೆಲಮಾಳಿಗೆಯ ಫರ್ನೇಸಿನಿಂದ, ಬಿಸಿ ಹೆಚ್ಚುಕಮ್ಮಿ ಮಾಡುವ ಗೋಡೆಯ ಥರ್ಮೋಸ್ಟಾಟಿಗೆ ಆಗ ಎರಡು ತಂತಿ ಸಾಕಿತ್ತು. ರೂಡಿ ಐದು ತಂತಿಯ ಕೇಬಲ್ ಎಳೆದು, ಮಿಕ್ಕ ಮೂರನ್ನು ಸುತ್ತಿ ಗೋಡೆಯೊಳಗೆ ಬಿಡುತ್ತಿದ್ದ, ಮುಂದೆಂದಾದರೂ ಬೇಕಾದೀತು ಎಂದು. ಡೆಲ್ಮರ್ ನಕ್ಕದ್ದು ಅದಕ್ಕೇ: "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀಯಲ್ಲೋ!"

ನಾನು ಉಣ್ಣೆಯಲ್ಲಿ ಹೆಣೆದ ನಿಜವಾದ ಕುಲಾವಿ ಆಗ ಪೆಟ್ಟಿಗೆಯಲ್ಲಿತ್ತು. ಅದು ಅವನಿಗೆ ಗೊತ್ತಿರಲಿಲ್ಲ ಎನ್ನುತ್ತಾರೆ. ಗೊತ್ತಾದ ಮೇಲೂ ಬಿಡಲಿಲ್ಲವಲ್ಲ! ರೂಡಿಯ ಮಣ್ಣಿಗೆ ಬಂದವನು, "ನಮ್ಮ ಕುಲಾವಿ ಹೋಗ್ಬಿಟ್ನಲ್ಲಾ" ಎಂದು ಕಣ್ಣೊರೆಸಿಕೊಂಡ.

ಡೆಲ್ಮರನ ಕೈ ಚುರುಕು, ಇಲ್ಲವೆನ್ನಲಾರೆ. ಸದ್ದು ಕೇಳಿಯೇ ಫರ್ನೇಸಿನ ರೋಗ ಹೇಳುತ್ತಿದ್ದ. ಆದರೆ ಯಾರ ಮನೆಯ ಕಾಫಿಯನ್ನೂ ಪೂರ್ತಿ ಕುಡಿದವನಲ್ಲ, ಕಟ್ಟಿಕೊಂಡ ಇಬ್ಬರಲ್ಲಿ ಒಬ್ಬಳನ್ನೂ ಉಳಿಸಿಕೊಂಡವನಲ್ಲ. ಎರಡು ತಂತಿ ಎಳೆದ, ಮುಂದಿನ ಮನೆಗೆ ನಡೆದ.

ಹೋದ ನವೆಂಬರಿನಲ್ಲಿ ತಂಗಿಯ ಮಗಳು ಗಾಜಿನ ಮುಖದ ಹೊಸ ಥರ್ಮೋಸ್ಟಾಟ್ ತಂದು ಹಾಕಿದಳು. ಅದು ಎರಡು ದಿನ ಬೆಳಗಿ ಆರಿಹೋಗುತ್ತಿತ್ತು, ಮನೆ ಹೆಪ್ಪುಗಟ್ಟುತ್ತಿತ್ತು. ಅದಕ್ಕೆ ಸದಾ ಕರೆಂಟು ಬೇಕಂತೆ, ಕಾಮನ್ ವೈರ್ ಅಂತ ಇನ್ನೊಂದು ತಂತಿ ಬೇಕಂತೆ. ಊರಿನಲ್ಲಿ ಉಳಿದಿದ್ದ ಫರ್ನೇಸಿನವನು ಡೆಲ್ಮರ್ ಒಬ್ಬನೇ. ಕರೆದೆ.

"ಗೋಡೆ ಒಡೀಬೇಕಾಗುತ್ತೆ ವಿಲ್ಮಾ" ಎಂದ, ಹೊಸ್ತಿಲಲ್ಲೇ.

"ಇದು ರೂಡಿ ಕೈಕೆಲಸ. ಬಿಚ್ಚಿ ನೋಡಿ, ಆಮೇಲೆ ಒಡೀರಂತೆ."

ಕರೆಂಟು ತೆಗೆದು, ಥರ್ಮೋಸ್ಟಾಟ್ ಕಳಚಿ, ತೂತಿಗೆ ಎರಡು ಬೆರಳು ಹಾಕಿ ಎಳೆದ. ನೂಲಿನ ಹಾಗೆ ಸುತ್ತಿದ್ದ ಮೂರು ತಂತಿ ಹೊರಗೆ ಬಂದವು. ಕೆಳಗಿನ ತುದಿಯೂ ಫರ್ನೇಸಿನ ಪಕ್ಕದಲ್ಲಿ ಹಾಗೇ ಕಾದಿತ್ತು. ನೀಲಿಯದನ್ನು ಎರಡೂ ಕಡೆ ಬಿಗಿದ. ಗಾಜು ಬೆಳಗಿತು, ಆರಲಿಲ್ಲ.

"ಇದೆ" ಎಂದ. ಅಷ್ಟೇ.

ಕಾಫಿ ಕೊಟ್ಟೆ. ಅವತ್ತು ಪೂರ್ತಿ ಕುಡಿದ. "ಊರಲ್ಲೆಲ್ಲ ಈಗ ಈ ಗಾಜಿಂದನ್ನೇ ಹಾಕಿಸ್ಕೊಳ್ತಿದಾರೆ. ಭುಜ ಹೋಗಿದೆ ನಂದು. ನಾನು ಮಾಡಿದ ಮನೇಲೆಲ್ಲ ಗೋಡೆ ಒಡೀಬೇಕು, ಆಗಲ್ಲ. ರೂಡಿ ಮಾಡಿದ್ದು ಯಾವ್ಯಾವ ಮನೆ ಅಂತ ಹೇಳಿದ್ರೆ, ಈ ಚಳೀಲಿ ಅವನ್ನಾದ್ರೂ ಮುಗಿಸ್ತೀನಿ."

ನಲವತ್ತೊಂದು ಮನೆ. ಬೀದಿ ಬೀದಿಯಾಗಿ ನನ್ನ ನಾಲಿಗೆಯ ತುದಿಯಲ್ಲಿವೆ.

"ಹೇಳ್ತೀನಿ. ಮೊದಲು ಆ ಮಾತು ವಾಪಸ್ ತಗೊಳ್ಳಿ."

ಮಾರ್ಚಿನಲ್ಲಿ ಅವನು ಸತ್ತಾಗ ನಾನು ಮಣ್ಣಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಈಗಲೂ ಕೇಳುತ್ತಾರೆ. ಅವತ್ತು ನಾನು ಹಾಗೆಂದಾಗ ಅವನು ಟೋಪಿ ಕೈಯಲ್ಲಿ ಹಿಡಿದು, ಹಣೆ ಗಂಟಿಕ್ಕಿ, ನಿಜವಾಗಿಯೂ ಯೋಚಿಸಿ ನೋಡಿ, ನನ್ನನ್ನೇ ಕೇಳಿದ:

"ಯಾವ ಮಾತು?"