ಅವ್ವನ ಪಿಂಗಾಣಿ ಹಲ್ಲು

ನಮ್ಮವ್ವ ಮೊಮ್ಮಗಳನ್ನ ಮುದ್ದು ಮಾಡೋ ರೀತೀನ ಬ್ಯಾರೆ. ಗಲ್ಲ ಮೆಲ್ಲಕ ಕಚ್ಚತಿದ್ಲು, ನನ್ನ ಕೂಸು ಕಿಲಕಿಲ ನಗತಿತ್ತು. ತೊಂಬತ್ತರ ದಶಕದ ಕಡೀಕಿನ ಮಾತು. ಮೂಡಲಗಿಯ ನನ್ನ ತವರಮನ್ಯಾಗ ಹೊತ್ತು ಮುಳುಗೋ ಮೊದಲ ಊಟ ಮುಗೀತಿತ್ತು, ಜೈನರ ಮನಿ ನೋಡ್ರಿ. ಆಮ್ಯಾಲೆ ಉಳಿಯೋ ಹಳದಿ ಬೆಳಕಿನ್ಯಾಗ ಅವರಿಬ್ಬರೂ ಪಡಸಾಲ್ಯಾಗ ಉರುಳಾಡೋದನ್ನ ನೋಡಕೋತ, ಅತ್ತ ಎಚ್ಚರಾನೂ ಅಲ್ಲ ಇತ್ತ ನಿದ್ದೀನೂ ಅಲ್ಲ ಅನ್ನೂಹಂಗ ಕುಂತಿರತಿದ್ದೆ.

ಅಂಥಾ ಒಂದು ಸಂಜಿ ಅಪ್ಪನ ತಮ್ಮ, ನಮ್ಮ ಕಾಕಾ, ಪೇಪರ್ ಹಿಡಕೊಂಡು ಬಂದ. ಹಿಂದಕ ಪಿಂಗಾಣಿ ಹಲ್ಲಿಗೆ ಖರೇ ಹಲ್ಲಿನ ಹೊಳಪು ಬರಲಿ ಅಂತ ಯುರೇನಿಯಂ ಬೆರಸತಿದ್ರಂತ, ಅದು ಬಾಂಬಿಗೆ ಹಾಕೋ ಸಾಮಾನಂತ. ಓದಿ ಅವ್ವನ ಬಾಯಿ ನೋಡಿದ. ಅವ್ವನ ಮುಂದಿನ ಎರಡು ಹಲ್ಲು ಪಿಂಗಾಣೀವು. ಮದುವಿಯಾದ ಹೊಸದಾಗಿ ಹಲ್ಲಿಲೆ ಕಬ್ಬು ಸಿಗ್ಯಾಕ ಹೋಗಿ ಮುರಕೊಂಡು, ಆವಾಗ ಹಾಕಿಸಿಕೊಂಡಿದ್ಲು. ಈ ಕಾಕಾನ ಬಾಯಿಗೆ ಬೀಗ ಹಾಕಬೇಕಿತ್ತು!

ಅವತ್ತಿನಿಂದ ಅವ್ವ ಕೂಸಿನ ಗಲ್ಲಕ್ಕ ಬಾಯಿ ಹಚ್ಚಲಿಲ್ಲ. ತನ್ನ ತಂಬಿಗಿ ಬ್ಯಾರೆ ಮಾಡಿದ್ಲು. ಬಾಯಿ ಮುಕ್ಕಳಿಸಿದ ನೀರು ಅಂಗಳಕ್ಕ ಉಗುಳಿದ್ರ ಇರಿವಿಗೆ ಹಿಂಸಿ ಆದೀತಂತ ಬೂದಿ ಡಬ್ಬ್ಯಾಗ ಉಗುಳಾಕತ್ತಿದ್ಲು. ಕೂಸು ಗಲ್ಲ ಮುಂದ ಮಾಡಿ ನಿಂತ್ರ, ಸೆರಗು ಬಾಯಿಗೆ ಹಿಡಕೊಂಡು ಒಳಗ ಹೋಗತಿದ್ಲು. ನನಗ ಸಿಟ್ಟು ಬರತಿತ್ತು. "ಇರಿವಿ ಮ್ಯಾಲಿನ ಕರುಣಾ ಕೂಸಿನ ಮ್ಯಾಲಿಲ್ಲೇನ?" ಅಂತ ಹರಿಹಾಯ್ದೆ. ಅವ್ವ ಗ್ವಾಡಿಗೆ ಮುಖಾ ಮಾಡಿ ಅತ್ತಳು.

ಗೋಕಾಕದ ಹಲ್ಲಿನ ಡಾಕ್ಟರ ಕಡೆ ಎಳಕೊಂಡು ಹೋದೆ. "ಬೆರಸತಿದ್ದದ್ದೂ ಚಿಟಿಕಿಗಿಂತ ಕಡಿಮಿ ಇತ್ರಿ. ಅದನ್ನೂ ಬಿಟ್ಟು ಭಾಳ ವರ್ಷ ಆತು. ಕೂಸಿಗೆ ಏನೂ ಆಗೂದಿಲ್ಲ," ಅಂದ್ರು. ಅವ್ವ ನಂಬಲಿಲ್ಲ. ಆಗ ಅವರು, "ಆರ್ಕೆಸ್ಟ್ರಾದಾಗ ಹಚ್ಚೋ ನೇರಳಿ ಬಣ್ಣದ ಲೈಟ್ ಐತಲ್ಲರಿ, ಅದರಾಗ ನಿಂತು ನೋಡ್ರಿ. ಖರೇ ಹಲ್ಲು ತಾವ ಹೊಳೀತಾವು. ಪಿಂಗಾಣೀವು ಯುರೇನಿಯಂ ಇದ್ರ ಹೊಳೀತಾವು, ಇಲ್ಲಂದ್ರ ಕರ್ರಗ ಕಾಣತಾವು," ಅಂದ್ರು.

ಮುಂದ ಹುಕ್ಕೇರ್ಯಾಗ ಕಾಕಾನ ಮಗಳ ಮದುವಿ ಬಂತು. ಸಂಜೀಕ ಆರ್ಕೆಸ್ಟ್ರಾದವರು ಆ ಲೈಟ್ ಹಚ್ಚಿದ್ರು. ಇಡೀ ಮಂಟಪ ನೀರಿನ ತಳಕ್ಕ ಇಳದಂಗಾತು. ಬಿಳಿ ಅಂಗಿ, ಬಿಳಿ ಟೊಪ್ಪಿಗಿ, ಎಲ್ಲಾರ ಹಲ್ಲು ತಾವ ತಾವ ತೇಲಾಡಾಕತ್ತಿದ್ವು. "ಅವ್ವಾ, ಬಾಯಿ ತಗಿ," ಅಂದೆ. ಒಲ್ಲೆ ಒಲ್ಲೆ ಅನಕೋತ ಸೆರಗು ಸರಿಸಿದ್ಲು. ಮುಂದಿನ ಎರಡು ಹಲ್ಲಿನ ಜಾಗಾದಾಗ ಬರೇ ಕತ್ತಲಿ.

"ಕರ್ರಗ ಅದಾವ ಅವ್ವಾ!" ಅಂತ ಚೀರಿದೆ. ನನ್ನ ಕಂಕುಳಾಗಿನ ಕೂಸು, "ಆಯಿ, ಹಲ್ಲ ಎಲ್ಲಿ?" ಅಂತ ಬೆರಳು ಅವ್ವನ ಬಾಯಾಗ ಹಾಕಿ ಹುಡಕಾಕತ್ತಿತು. ಅವ್ವ ಆ ಬೆರಳು ಮೆಲ್ಲಕ ಕಚ್ಚಿ ಹಿಡದ್ಲು. ಹಾಡು ಮುಗಿದು ದೊಡ್ಡ ಲೈಟ್ ಬಂದ್ರೂ ಬಿಡಲಿಲ್ಲ. ಆಕಿ ಕಣ್ಣಾಗಿನ ನೀರು ಕೂಸಿನ ಕೈಮ್ಯಾಲೆ ಇಳೀತಿತ್ತು.