ಹೊಲಿಗೆ ಯಂತ್ರದ ಎಣ್ಣೆ ಉಂಡ ಹೆಲಿಕಾಪ್ಟರು

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ ಶೀಶೆಯಲ್ಲಿರುವಾಗ ಹೆಚ್ಚೇನೂ ವಾಸನೆ ಬರುವುದಿಲ್ಲ. ಯಂತ್ರ ಓಡಿ ಓಡಿ ಕಬ್ಬಿಣ ಬಿಸಿಯಾದಾಗ, ಹೊಸ ಬಟ್ಟೆಯ ಗಂಜಿಯ ಜೊತೆ ಸೇರಿ, ಸ್ವಲ್ಪ ಸಿಹಿ ಸ್ವಲ್ಪ ಸುಟ್ಟಂಥ ವಾಸನೆಯೊಂದು ಏಳುತ್ತದೆ. ಬಾಬಿನ್ ಅಕ್ಕನಿಗೆ ಅದು ಅಮ್ಮನ ವಾಸನೆ. ಅಮ್ಮ ಹೊಲಿಯುವಾಗ ಮೇಜಿನ ಕೆಳಗೆ, ಪೆಡಲಿನ ಪಕ್ಕದಲ್ಲೇ ಮುದುಡಿ ನಿದ್ದೆ ಹೋಗುತ್ತಿದ್ದ ಮಗು ಅವರು. ಈಗ ಅವರಿಗೆ ಐವತ್ತಮೂರು. ಬೆಳಗಿನ ಐದೂಮುಕ್ಕಾಲು ಗಂಟೆಗೆ, ಊರಾಚೆಯ ಬಯಲಿನ ತಗಡಿನ ಶೆಡ್ಡಿನಲ್ಲಿ, ಅದೇ ಎಣ್ಣೆಯ ವಾಸನೆ ಮತ್ತೆ ಏಳುತ್ತಿದೆ. ಈ ಸಲ ಬರುತ್ತಿರುವುದು ಹೆಲಿಕಾಪ್ಟರಿನಿಂದ.

ಕೈಯುದ್ದದ ಹೆಲಿಕಾಪ್ಟರು ಅದು. ಕುತ್ತಿಗೆಗೆ ನೇತುಹಾಕಿಕೊಂಡ ಪೆಟ್ಟಿಗೆಯ ಎರಡು ಕಡ್ಡಿಗಳನ್ನು ಹೆಬ್ಬೆರಳಲ್ಲಿ ಆಡಿಸಿ, ದೂರ ನಿಂತು ಹಾರಿಸುವ ಜಾತಿಯದು. ಅಕ್ಕ ಅದರ ರೆಕ್ಕೆಗಳನ್ನು ಬಿಚ್ಚಿ, ನಡುವೆ ಸೂಜಿ ತೂರಿಸಿ, ತಕ್ಕಡಿಯ ಹಾಗೆ ತೂಗುತ್ತಾರೆ. ಎಡಗಡೆಯದು ಕೂದಲೆಳೆಯಷ್ಟು ಬಾಗುತ್ತದೆ. ಬಲರೆಕ್ಕೆಯ ತುದಿಗೆ ಬೆರಳುಗುರಿನಷ್ಟು ಅಂಟುಪಟ್ಟಿ ಹಚ್ಚಿ ಮತ್ತೆ ತೂಗಿದಾಗ ಎರಡೂ ಸರಿಸಮವಾಗಿ ನಿಲ್ಲುತ್ತವೆ. "ಅರ್ಧ ಅಕ್ಕಿಕಾಳಿನ ತೂಕ ಜಾಸ್ತಿಯಾದ್ರೂ ಇದು ಮೈ ನಡುಗಿಸ್ಕೊಂಡು ಸಾಯುತ್ತೆ" ಎನ್ನುತ್ತಾರೆ, ತಲೆ ಎತ್ತದೆ. ಕಾವಲುಗಾರ ಬೀಗ ತೆಗೆದ ಕೂಡಲೇ ಮೊದಲು ಹಾಕುವುದು ಅಕ್ಕನ ಮೇಜಿನ ಮೇಲಿನ ದೀಪ. ಯಾರೂ ಅವನಿಗೆ ಹೇಳಿದ್ದಲ್ಲ.

ಎರಡು ತಿಂಗಳ ಹಿಂದೆ ಈ ಮೇಜು ಇಲ್ಲಿಂದ ಎದ್ದೇ ಹೋಗಬೇಕಿತ್ತು.

ಅಕ್ಕ ಹನ್ನೊಂದು ವರ್ಷದಿಂದ ಇಲ್ಲಿದ್ದಾರೆ. ಅದಕ್ಕೂ ಮೊದಲು ಅಮ್ಮ ಬಿಟ್ಟುಹೋದ ಒಂದು ಕೋಣೆಯ ಅಂಗಡಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಓದು ಒಂಬತ್ತನೆಯ ತರಗತಿಗೆ ನಿಂತಿತ್ತು. ಅಮ್ಮನ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ಯಾರಾದರೂ ಬೇಕಿತ್ತು. ಆಮೇಲೆ ಜನ ಸಿದ್ಧ ಉಡುಪಿಗೆ ಒಗ್ಗಿಕೊಂಡರು, ಮನೆಮನೆಯ ಯಂತ್ರಗಳು ಮೂಲೆ ಸೇರಿದವು, ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ ಬಂತು. ಅಂಥ ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರೊಬ್ಬರು ಮುರಿದ ಹೆಲಿಕಾಪ್ಟರೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಇಷ್ಟು ಚಿಕ್ಕ ಬೇರಿಂಗು ಎಲ್ಲೂ ಸಿಗುತ್ತಿಲ್ಲವೆಂದು ಗೋಳು ತೋಡಿಕೊಂಡರು. ಅಕ್ಕ ಅದನ್ನು ಮೇಲೆ ಕೆಳಗೆ ಮಾಡಿ ನೋಡಿದರು. "ಇದಕ್ಕೂ ಬೇರಿಂಗು, ಇದಕ್ಕೂ ಬೆಲ್ಟು. ಸೂಜಿ ಒಂದಿಲ್ಲ ಅಷ್ಟೆ" ಎಂದು ಕೆಳದಾರ ಸುತ್ತುವ ಬಾಬಿನ್‌ಗಳ ಹಳೆಯ ಪೆಟ್ಟಿಗೆಯಿಂದ ಒಂದು ತುಂಡು ತೆಗೆದು, ಅರದಿಂದ ಉಜ್ಜಿ, ಕೂರಿಸಿಕೊಟ್ಟರು. ಹೆಲಿಕಾಪ್ಟರು ಹಾರಿತು. ಬಾಬಿನ್ ಅಕ್ಕ ಎಂಬ ಹೆಸರೂ ಅಂಟಿಕೊಂಡಿತು.

ಆ ಡಾಕ್ಟರು ಈಗ ನಿವೃತ್ತರು, ಈ ಬಯಲಿನ ಹಾರಾಟದ ಸಂಘಕ್ಕೆ ಕಾರ್ಯದರ್ಶಿ. ಶೆಡ್ಡಿನಲ್ಲಿ ಅಕ್ಕನಿಗೆ ಮೇಜು ಹಾಕಿಸಿದ್ದು ಅವರೇ. ಇಪ್ಪತ್ತೇಳು ಬಿಸ್ಕತ್ತಿನ ಡಬ್ಬಿಗಳಲ್ಲಿ ಅಕ್ಕನ ಸಾಮಾನು ಇದೆ: ಒಂದರಲ್ಲಿ ಹಲ್ಲುಚಕ್ರ, ಒಂದರಲ್ಲಿ ಸ್ಕ್ರೂ, ಒಂದರಲ್ಲಿ "ಏನು ಅಂತ ಗೊತ್ತಿಲ್ಲ, ಆದ್ರೆ ಬೇಕಾಗುತ್ತೆ". ವಾರಕ್ಕೆ ಒಂಬತ್ತು ಹತ್ತು ಹೆಲಿಕಾಪ್ಟರುಗಳು ಮೂಗು ಮುರಿದುಕೊಂಡು ಬರುತ್ತವೆ. ಶಾಲೆಯ ವ್ಯಾನು ಓಡಿಸುವ ಗಂಡ ಬೆಳಿಗ್ಗೆ ಅಕ್ಕನನ್ನು ಇಳಿಸಿ ಹೋಗುತ್ತಾರೆ. ಮನೆಯಲ್ಲಿ ಅತ್ತೆ ಮಾತ್ರ, "ನನ್ನ ಸೊಸೆ ದೊಡ್ಡವರ ಗಿರಗಿಟ್ಲೆ ರಿಪೇರಿ ಮಾಡ್ತಾಳೆ" ಎಂದು ಅಕ್ಕಪಕ್ಕದವರ ಮುಂದೆ ಮೂಗೆಳೆಯುತ್ತಿದ್ದರು.

ಕೆಟ್ಟುಹೋಗಿ ಎಸೆದ ತುಂಡುಗಳನ್ನೆಲ್ಲ ಕೂಡಿಸಿ ಅಕ್ಕ ತಮಗಾಗಿ ಒಂದು ಹೆಲಿಕಾಪ್ಟರು ಕಟ್ಟಿಕೊಂಡಿದ್ದಾರೆ. ಮೂಲದಲ್ಲಿ ಅದು ಹೊಸಬರು ಕೊಳ್ಳುವ ಅಗ್ಗದ ಮಾಲು. ದೊಡ್ಡ ರೆಕ್ಕೆ ಒಂದು ಕಡೆ ಸುತ್ತಿದರೆ ಮೈ ಇನ್ನೊಂದು ಕಡೆ ಸುತ್ತಲು ಹೊರಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಬಾಲದ ಪುಟ್ಟ ರೆಕ್ಕೆ. ಆ ಅಗ್ಗದ ಮಾಲಿನಲ್ಲಿ ಬಾಲಕ್ಕೆ ಹೆಬ್ಬೆರಳಿನಷ್ಟು ಮೋಟಾರು ಇತ್ತು, ಗಾಳಿ ಬಂದರೆ ಕೈಚೆಲ್ಲುತ್ತಿತ್ತು. ಅಕ್ಕ ಅದನ್ನು ಕಿತ್ತು, ಕಸೂತಿ ಯಂತ್ರದ ಹಲ್ಲಿನ ಬೆಲ್ಟು ಹಾಕಿ, ದೊಡ್ಡ ಮೋಟಾರಿನ ಬಲವನ್ನೇ ಬಾಲಕ್ಕೆ ಎಳೆದರು. ರೆಕ್ಕೆ ಕೂರುವ ಪ್ಲಾಸ್ಟಿಕ್ಕಿನ ನೆತ್ತಿ ಹೋಗಿ ಅಲ್ಯೂಮಿನಿಯಂ ಬಂತು. ಇದನ್ನು ಹಾರಿಸುತ್ತಿದ್ದುದು ಬೆಳಕು ಹರಿಯುವ ಹೊತ್ತಿಗೆ, ಒಬ್ಬರೇ. ನೋಡುತ್ತಿದ್ದವನು ಕಾವಲುಗಾರ ಒಬ್ಬ. ಅವನೂ ಬಾಯಿ ಬಿಟ್ಟಿರಲಿಲ್ಲ.

ಪೇಟೆಯಲ್ಲಿ ಹೆಲಿಕಾಪ್ಟರು ಮಾರುವ ಅಂಗಡಿಯವರು ಸಂಘದ ಸದಸ್ಯರು. ಕಂಪನಿಯ ಮುದ್ರೆಯಿಲ್ಲದ ಭಾಗ ಹಾಕಿದ ಯಂತ್ರ ಜನರ ತಲೆಯ ಮೇಲೆ ಬಿದ್ದರೆ ಯಾರು ಹೊಣೆ, ರಿಪೇರಿ ಮೇಜನ್ನೇ ತೆಗೆಸಿ ಎಂದು ಅವರು ಸಭೆಯಲ್ಲಿ ಕೇಳಿದರು. ಕೇಳಿದ್ದರಲ್ಲಿ ನ್ಯಾಯ ಇರಲಿಲ್ಲವೆಂದು ಅಕ್ಕನೂ ಹೇಳುವುದಿಲ್ಲ. ತಾವೇ ಕಟ್ಟಿದ ಯಂತ್ರವೊಂದಿದೆಯೆಂದು ಅಕ್ಕ ಮೊದಲ ಸಲ ಹೇಳಿದ್ದು ಆಗಲೇ. ಕೊನೆಗೆ ಕಾರ್ಯದರ್ಶಿಗಳು ಒಂದು ದಾರಿ ಹುಡುಕಿದರು. ಈ ಬಯಲಿನಲ್ಲಿ ವರ್ಷಕ್ಕೊಮ್ಮೆ ಲೋಟದ ಪರೀಕ್ಷೆ ನಡೆಯುತ್ತದೆ. ಹೆಲಿಕಾಪ್ಟರಿನ ಕಾಲುಗಳ ನಡುವೆ ತಂತಿಯ ಬಳೆ ಬಿಗಿದು, ಅದರಲ್ಲಿ ಗೆರೆಯವರೆಗೆ ನೀರು ತುಂಬಿದ ಲೋಟ ಇಟ್ಟು, ಆಳೆತ್ತರಕ್ಕೆ ಏರಿಸಿ, ನೂರು ಎಣಿಸುವವರೆಗೆ ಅಲ್ಲಾಡದೆ ನಿಲ್ಲಿಸಿ ಇಳಿಸಬೇಕು. ಕಟ್ಟಿದವರೇ ಹಾರಿಸಬೇಕು. ಅಕ್ಕನ ಯಂತ್ರ ಪಾಸಾದರೆ ಮೇಜು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನವಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಹಳೆಯ ಬೆಲ್ಟಿನ ಒಂದು ಹಲ್ಲು ಸವೆದಿತ್ತು. ಅಕ್ಕ ಹೊಸದು ಹಾಕಿದರು. ಇದ್ದ ಒಂದೇ ಬ್ಯಾಟರಿ ಖಾಲಿಯಾದೀತೆಂದು ಮೇಜಿನ ಮೇಲೆ ಕೈಯಲ್ಲಿ ತಿರುಗಿಸಿ ನೋಡಿದರೇ ಹೊರತು ಹಾರಿಸಿ ನೋಡಲಿಲ್ಲ. ಮೂವತ್ತು ಜನ ಜಾಲರಿಯ ಹಿಂದೆ ನಿಂತಿದ್ದರು. ಹೆಲಿಕಾಪ್ಟರು ಗೇಣುದ್ದ ಎದ್ದಿತೋ ಇಲ್ಲವೋ, ಬುಗುರಿಯ ಹಾಗೆ ಗಿರ್ರನೆ ಸುತ್ತಿ, ಲೋಟದ ನೀರನ್ನೆಲ್ಲ ಕಾರ್ಯದರ್ಶಿಗಳ ಅಂಗಿಗೆ ಎರಚಿ, ರೆಕ್ಕೆ ಮುರಿದುಕೊಂಡು ಮಲಗಿತು. ಯಾರೋ ಕಿಸಕ್ಕೆಂದರು. ಅಂಗಡಿಯವರು, "ಹೊಲಿಗೆ ಮೆಷಿನ್ನು ಇರೋದು ಹೊಲಿಯೋಕೆ" ಎಂದರು. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡರು. "ಹಲ್ಲು ಕೀಳ್ಸೋಕೆ ಬಂದವರಿಗೂ ನಾನು ಒಂದು ವಾರ ಔಷಧಿ ಕೊಟ್ಟು ನೋಡ್ತಿದ್ದೆ. ಮುಂದಿನ ಭಾನುವಾರ ಬಾಮ್ಮ" ಎಂದರು.

ಮನೆಗೆ ತಂದ ಹೆಲಿಕಾಪ್ಟರನ್ನು ಅಕ್ಕ ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಅತ್ತೆ ಹರಿದ ದಿಂಬಿನ ಚೀಲ ತಂದು ಮಡಿಲಿಗೆ ಹಾಕಿ, "ಇದನ್ನಾದ್ರೂ ಹೊಲಿ, ಕೈ ಸುಮ್ನಿದ್ರೆ ತಲೆ ಕೆಡುತ್ತೆ" ಎಂದರು. ಅಕ್ಕ ಅಮ್ಮನ ಯಂತ್ರದ ಮುಂದೆ ಕೂತು ಚಕ್ರಕ್ಕೆ ಕೈ ಹಾಕಿದರು. ಕೈ ತಾನಾಗಿ ಚಕ್ರವನ್ನು ತನ್ನ ಕಡೆಗೆ ತಿರುಗಿಸಿತು. ಅಲ್ಲೇ ನಿಂತಿತು.

"ಅಮ್ಮ ಮೊದಲ ದಿನ ಕಲಿಸಿದ್ದೇ ಅದು. ಚಕ್ರ ಯಾವತ್ತೂ ನಿನ್ನ ಕಡೆಗೇ ತಿರುಗಬೇಕು, ಆಚೆಗೆ ತಿರುಗಿಸಿದ್ರೆ ದಾರ ಗಂಟಾಗುತ್ತೆ ಅಂತ. ನಲವತ್ತು ವರ್ಷದ ಅಭ್ಯಾಸ. ಗಡಿಬಿಡೀಲಿ ಬಾಲದ ರೆಕ್ಕೆನೂ ನನ್ನ ಕಡೆಗೆ ತಿರುಗೋ ಹಾಗೆ ಬೆಲ್ಟು ತಿರುಚಿ ಹಾಕಿಬಿಟ್ಟಿದ್ದೆ. ಅದು ಆಚೆಗೆ ತಿರುಗಬೇಕು" ಎನ್ನುತ್ತಾರೆ ಅಕ್ಕ.

ತಡೆಯಬೇಕಾದ ಬಾಲವೇ ಮೈಯನ್ನು ಇನ್ನಷ್ಟು ಸುತ್ತಿಸಿತ್ತು. ಮುರಿದ ರೆಕ್ಕೆಯ ಜಾಗಕ್ಕೆ ಬೇರೆಯದು ಹಾಕಿ, ಬೆಲ್ಟಿನ ತಿರುಚು ಬದಲಿಸಲು ಅಕ್ಕನಿಗೆ ಕಾಲು ಗಂಟೆ ಸಾಕಾಯಿತು. ಆದರೆ ಅದು ಸರಿಯಿದೆಯೆಂದು ಹಾರಿಸದೆ ತಿಳಿಯುವುದು ಹೇಗೆ? ಬಾಲದ ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಲು ಸೊಸೆ ಅದರ ಪಕ್ಕ ಹಿಡಿಯುವ ದಾರ ಹುಡುಕುತ್ತಿದ್ದುದನ್ನು ಕಂಡ ಅತ್ತೆ ಒಳಗೆ ಹೋಗಿ, ತಮ್ಮ ಕೆಂಪು ಸ್ವೆಟರಿನ ತೋಳಿನಿಂದ ಉಣ್ಣೆಯ ಎಳೆಯೊಂದನ್ನು ಬಿಚ್ಚಿ ತಂದರು. "ದಾರ ಭಾರ ಆಗುತ್ತೆ, ಇದು ತೊಗೋ. ಆ ತೋಳು ಹೇಗೂ ಬಿಟ್ಟುಹೋಗಿದೆ." ಸ್ವೆಟರಿನ ತೋಳು ಗಟ್ಟಿಯಾಗಿಯೇ ಇತ್ತೆಂದು ಅಕ್ಕ ಈಗ ನಗುತ್ತಾ ಹೇಳುತ್ತಾರೆ.

ಭಾನುವಾರ ಅತ್ತೆಯೂ ವ್ಯಾನಿನಲ್ಲಿ ಬಂದರು. ಹೆಲಿಕಾಪ್ಟರನ್ನು ನೆಲಕ್ಕೆ ಬಿಗಿದು ಮೋಟಾರು ಚಾಲೂ ಮಾಡಿ, ಅಕ್ಕ ಉದ್ದನೆಯ ಕಡ್ಡಿಯೊಂದಕ್ಕೆ ಕಟ್ಟಿದ ಉಣ್ಣೆಯನ್ನು ಬಾಲದ ಪಕ್ಕ ಹಿಡಿದರು. ಎಳೆ ಸರಿಯಾದ ಕಡೆಗೆ ಮಲಗಿತು. ಕಟ್ಟು ಬಿಚ್ಚಿ, ಲೋಟ ಇಟ್ಟು, ಹಿಂದೆ ಸರಿದು ನಿಂತರು. ಯಂತ್ರ ಆಳೆತ್ತರಕ್ಕೆ ಏರಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ನಿಂತಿತು. ಒಂದು, ಎರಡು ಎಂದು ಕಾವಲುಗಾರ ಎಣಿಸತೊಡಗಿದ. ಇಪ್ಪತ್ತಕ್ಕೆ ಕೆಲವರು ದನಿ ಸೇರಿಸಿದರು. ನಲವತ್ತಕ್ಕೆ ಅಡ್ಡಗಾಳಿ ಬೀಸಿತು, ಬಾಲ ಒಮ್ಮೆ ಮಿಡುಕಿ ಮತ್ತೆ ಅಲ್ಲೇ ಬಂದು ನಿಂತಿತು. ಎಂಬತ್ತರ ಹೊತ್ತಿಗೆ ಬಯಲೆಲ್ಲ ಒಂದೇ ದನಿಯಾಗಿತ್ತು. ನೂರಾದ ಮೇಲೂ ಅಕ್ಕನ ಗಂಡ ನೂರ ಒಂದು, ನೂರ ಎರಡು ಎಂದು ಎಣಿಸುತ್ತಲೇ ಇದ್ದರಂತೆ. ಅವರು ಅದನ್ನು ಒಪ್ಪುವುದಿಲ್ಲ.

ಇಳಿದ ಲೋಟದ ಗೆರೆ ನೋಡಲು ಬಾಗಿದವರು ಅಂಗಡಿಯವರು. ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದರು. ಅವರು ಏನು ಹೇಳಿದ್ದರೂ ನಡೆಯುತ್ತಿತ್ತು. ಉಳಿದವರಾರೂ ಅಷ್ಟು ಹತ್ತಿರ ಇರಲಿಲ್ಲ. ಎದ್ದು ನಿಂತು, "ಗೆರೆ ಮೇಲೇ ಇದೆ. ಒಂದು ಹನಿ ಹೋಗಿಲ್ಲ" ಎಂದರು. ಗೆದ್ದವರು ಆ ನೀರು ಕುಡಿಯುವುದು ಇಲ್ಲಿನ ರೂಢಿ. ಅಕ್ಕ ಅರ್ಧ ಕುಡಿದು ಲೋಟವನ್ನು ಅತ್ತೆಯ ಕೈಗಿತ್ತರು. ಅತ್ತೆ ಉಳಿದದ್ದನ್ನು ಕುಡಿದು, "ಸ್ವಲ್ಪ ಎಣ್ಣೆ ವಾಸನೆ" ಎಂದರು. ಈಗ ಅಕ್ಕಪಕ್ಕದವರ ಮುಂದೆ ಅವರು ಗಿರಗಿಟ್ಲೆ ಅನ್ನುವುದಿಲ್ಲ, ಹೆಲಿಕಾಪ್ಟರು ಅನ್ನುತ್ತಾರೆ.

ಮೇಜು ಉಳಿದಿದೆ. ಅದರ ಕಾಲಿಗೆ ಕೆಂಪು ಉಣ್ಣೆ ಕಟ್ಟಿದ ಕಡ್ಡಿಯೊಂದು ನೇತಾಡುತ್ತದೆ. ಯಾರ ಯಂತ್ರವೇ ಇರಲಿ, ಆ ಎಳೆಯ ಮುಂದೆ ಪರೀಕ್ಷೆಯಾಗದೆ ಈಗ ಬಯಲಿಗೆ ಇಳಿಯುವಂತಿಲ್ಲ. ಹಾಗೊಂದು ನಿಯಮ ಬರೆಸಿದವರು ಅಂಗಡಿಯವರೇ.

ಇನ್ನೇನು ಬೇಕು ಎಂದು ಕೇಳಿದರೆ ಅಕ್ಕ ತಗಡಿನ ಗೋಡೆಯತ್ತ ನೋಡುತ್ತಾರೆ. "ಇಲ್ಲೊಂದು ಕಿಟಕಿ ಕೊರೆಸಿಕೊಟ್ರೆ ಸಾಕು. ಬೆಳಗಿನ ಬಿಸಿಲು ನೇರ ಸ್ಕ್ರೂ ಮೇಲೇ ಬೀಳುತ್ತೆ."

ಗಂಟೆ ಒಂದೂವರೆ. ಅಂಗಡಿಯವರು ಹನ್ನೊಂದಕ್ಕೇ ಬಂದು ಎದುರಿನ ಸ್ಟೂಲಿನ ಮೇಲೆ ಕೂತಿದ್ದಾರೆ. ಮೇಜಿನ ಮೇಲಿರುವುದು ಅವರದೇ ದುಬಾರಿ ಹೆಲಿಕಾಪ್ಟರು, ಗಾಳಿ ಬೀಸಿದರೆ ಅದರ ಬಾಲ ನಿಲ್ಲುತ್ತಿಲ್ಲ. ಕಂಪನಿಯ ಮುದ್ರೆ ಒಡೆಯಬೇಕಾಗುತ್ತದೆಂದು ಅಕ್ಕ ಎಚ್ಚರಿಸಿದ್ದರು. "ಒಡೀರಿ. ನಿಮ್ಮದಕ್ಕೆ ಹಾಕಿದ ಬೆಲ್ಟೇ ಹಾಕಿ" ಎಂದಿದ್ದರು ಅವರು. ಅಕ್ಕ ಬೆಲ್ಟನ್ನು ತಿರುಚಿ, ಒಮ್ಮೆ ನಿಲ್ಲಿಸಿ, ಮನಸ್ಸಿನಲ್ಲೇ ಅಮ್ಮನ ಚಕ್ರ ತಿರುಗಿಸಿ ನೋಡಿ, ಅದರ ಎದುರು ದಿಕ್ಕಿಗೆ ಕೂರಿಸುತ್ತಾರೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಅವರಿಗೆ ನೆನಪಿಲ್ಲ.

ಅಂಗಡಿಯವರು ತಮ್ಮ ಊಟದ ಡಬ್ಬಿ ಬಿಚ್ಚುತ್ತಾರೆ. ಅನ್ನವನ್ನು ಎರಡು ಪಾಲು ಮಾಡಿ, ಒಂದನ್ನು ಪಲ್ಯದ ಸಮೇತ ಮುಚ್ಚಳಕ್ಕೆ ಬಡಿಸುತ್ತಾರೆ. ಮೊದಲು ಎಣ್ಣೆಯ ಶೀಶೆಯನ್ನು ದೂರ ಸರಿಸಿ, ಮೇಜಿನ ಆ ಮೂಲೆಯನ್ನು ಕರವಸ್ತ್ರದಿಂದ ಒರೆಸಿ, ಮುಚ್ಚಳವನ್ನು ಸದ್ದಾಗದಂತೆ ಅಕ್ಕನ ಮೊಣಕೈಯ ಪಕ್ಕ ಇಡುತ್ತಾರೆ.