ಎಡೆಗೆ ಮೊದಲು ನಾಲಿಗೆಗಿಲ್ಲ

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕಾಶಮ್ಮ ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಒಲೆಯ ಕಟ್ಟೆಗೆ ಎಳೆಯುತ್ತಾರೆ. ಕೊರೊನಾ ಜ್ವರದಲ್ಲಿ ಮಲಗಿದ್ದಾಗಲೂ ಗೋಡೆ ಹಿಡಿದುಕೊಂಡು ಬಂದು ಎಳೆದು, ಮತ್ತೆ ಹೋಗಿ ಮಲಗುತ್ತಿದ್ದರು.

ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಮಠವಿದೆ. ಗಂಡ ತೀರಿಕೊಂಡ ವರ್ಷದಿಂದ ಅಲ್ಲಿನ ದಾಸೋಹದ ಅಡುಗೆ ಕಾಶಮ್ಮನವರದಾಗಿತ್ತು. ಅಲ್ಲಿ ಒಂದು ಕಟ್ಟುಪಾಡು ಇದೆ. ಗದ್ದಿಗೆಗೆ ಎಡೆಯಾಗುವವರೆಗೆ ಅಡುಗೆಯನ್ನು ಯಾರೂ ನಾಲಿಗೆಗೆ ಇಟ್ಟು ನೋಡುವಂತಿಲ್ಲ. ಎಡೆಯಾದ ಮೇಲೆ ಅದು ಪ್ರಸಾದ. ಅದಕ್ಕೆ ಹೆಸರಿಡುವಂತಿಲ್ಲ, ಎಲೆಯಲ್ಲಿ ಬಿಡುವಂತಿಲ್ಲ.

ಹಾಗಾದರೆ ಉಪ್ಪಿನ ಹದ ತಿಳಿಯುವುದು ಹೇಗೆ ಎಂದು ದಾಸೋಹಕ್ಕೆ ಹೋದಾಗ ನಾನೊಮ್ಮೆ ಕೇಳಿದ್ದೆ. "ಕುದಿಯೋ ಸಾರೇ ಹೇಳ್ತದೆ ಕಣೇ. ಉಪ್ಪು ಬಿದ್ದಿಲ್ಲ ಅಂದ್ರೆ ಆವಿ ವಾಸನೆನೇ ಬೇರೆ" ಎಂದಿದ್ದರು. ಅಳತೆಗೆ ಒಂದು ಕರಟ ಇಟ್ಟುಕೊಂಡಿದ್ದರು. ಉಪ್ಪು ಹಾಕಿದ ಮೇಲೆ ಅದನ್ನು ಕವುಚಿ ಇಡುವುದು ಅವರ ರೂಢಿ.

ಜ್ವರ ಬಿಟ್ಟ ಮೇಲೆ ಮಲ್ಲಿಗೆಗೆ ವಾಸನೆಯಿಲ್ಲದಂತಾಯಿತು. ಸಾರು ಬಿಸಿನೀರಿನಂತಾಯಿತು. ತರೀಕೆರೆಯ ಡಾಕ್ಟರು, ನಿಧಾನಕ್ಕೆ ಬರುತ್ತದೆ ಎಂದರು. ಬೇರೆಯವರಿಗೆ ಬಂತು, ಇವರಿಗೆ ಬರಲಿಲ್ಲ. ಮೂಗು ಹೋದರೆ ಹೋಗಲಿ, ಕೈಯಳತೆ ಇದೆಯಲ್ಲ ಎಂದು ಸುಮ್ಮನಾದರು.

ಅವರಿಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಉಗ್ರಾಣದ ಬಾಗಿಲಲ್ಲಿ ನಿಂತರೆ, ಏನು ತೆಗೆಯಲು ಬಂದೆ ಎಂಬುದೇ ಮರೆತುಹೋಗುತ್ತಿತ್ತು. ಲಿಂಗಪೂಜೆಯ ನಡುವೆ, ಬಾಯಿಗೆ ತಾನಾಗಿ ಬರುತ್ತಿದ್ದ ಸಾಲು ನಿಂತುಬಿಡುತ್ತಿತ್ತು. ಒಂದು ದಿನ ತಂಗಿಯ ಮಗಳು ವಿದ್ಯಾಶ್ರೀಯನ್ನು ಕರೆಯಬೇಕಿತ್ತು. ಎತ್ತಿ ಆಡಿಸಿದ ಹುಡುಗಿ, ಅಡುಗೆಮನೆಯಲ್ಲಿ ದಿನವೂ ಜೊತೆಗಿರುವವಳು. ಹೆಸರು ಬರಲಿಲ್ಲ. ಚಪ್ಪಾಳೆ ತಟ್ಟಿ ಕರೆದರು. ಯಾರಿಗೂ ಹೇಳಲಿಲ್ಲ.

ಒಂದು ಅಮಾವಾಸ್ಯೆಯ ದಿನ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಕರಟ ಕವುಚಿಯೇ ಇತ್ತು. ಈಗ ಕವುಚಿದ್ದೋ, ನಿನ್ನೆಯದು ಹಾಗೇ ಇದೆಯೋ? ಆವಿಗೆ ಮುಖ ಕೊಟ್ಟರು, ಬರೀ ಶಾಖ. ವಿದ್ಯಾಶ್ರೀ ಹೊರಗೆ ಎಲೆ ತೊಳೆಯುತ್ತಿದ್ದಳು. ಕಾಶಮ್ಮನವರ ಕೈ ಸೌಟಿನಲ್ಲಿ ಒಂದಿಷ್ಟು ಸಾರು ಎತ್ತಿತು. ಅದು ತುಟಿಯ ಹತ್ತಿರ ಬಂದಾಗ ಗಾಬರಿಯಾಗಿ ಇಳಿಸಿದರು. ಕಟ್ಟುಪಾಡು ಮುರಿದರೂ ಆ ನಾಲಿಗೆಗೆ ತಿಳಿಯುವುದೇನೂ ಇರಲಿಲ್ಲ. ಕೊನೆಗೆ ಉಪ್ಪು ಹಾಕಿದರು.

ಪಂಕ್ತಿಯಲ್ಲಿ ಎಲ್ಲರೂ ತಲೆತಗ್ಗಿಸಿ ಉಣ್ಣುತ್ತಿದ್ದರು. ನೀರಿನ ಕೊಡಗಳು ಮಾತ್ರ ಒಂದರ ಹಿಂದೆ ಒಂದು ಬರಿದಾಗುತ್ತಿದ್ದವು.

"ನೀರ್ಯಾಕೆ ಹಿಂಗೆ ಖಾಲಿಯಾಗ್ತಿದೆ?"

"ಬಿಸ್ಲು ಅಲ್ವಾ ದೊಡ್ಡಮ್ಮ" ಎಂದಳು ವಿದ್ಯಾಶ್ರೀ.

"ಉಪ್ಪು ಹೆಂಗಿದೆ?"

"ಪ್ರಸಾದ ಅಲ್ವಾ. ಚೆನ್ನಾಗೈತೆ." ಅವಳು ಮುಖ ಕೊಡಲಿಲ್ಲ.

ಪಂಕ್ತಿಯಿಂದ ಬೆನಕಪ್ಪ ಎಂಬ ಮುದುಕ ಕೂಗಿದ. "ಕಾಶವ್ವಾ, ಇವತ್ತು ಸಮುದ್ರನೇ ಎಡೆಗಿಟ್ಟಂಗಿದೆ?"

ಪಕ್ಕದಲ್ಲಿದ್ದ ಅವನ ಅಕ್ಕ ಹುಚ್ಚಮ್ಮ ತಿವಿದಳು. "ಬಾಯ್ಮುಚ್ಕೊಂಡು ಉಣ್ಣೋ. ಪ್ರಸಾದಕ್ಕೆ ಹೆಸರಿಡ್ತಾನೆ ಈ ವಯಸ್ನಲ್ಲಿ."

ಒಂದಿಬ್ಬರು ನಕ್ಕರು.

ಪಂಕ್ತಿಯ ಕೊನೆಯಲ್ಲಿ ದೇವನೂರಿನ ನಂಜುಂಡಪ್ಪ ಕೂತಿದ್ದರು. ಅವರ ಹೃದಯಕ್ಕೆ ಬಲ ಕಡಿಮೆ, ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೂ ಅವರು ಬೆರಳಲ್ಲಿ ಬಳಿದು ಎಲೆ ಸ್ವಚ್ಛ ಮಾಡಿದರು. ಸಂಜೆ ಹೊತ್ತಿಗೆ ಏದುಸಿರು ಶುರುವಾಯಿತು. ಕಾರಿನಲ್ಲಿ ತರೀಕೆರೆಯ ಆಸ್ಪತ್ರೆಗೆ ಕರೆದೊಯ್ದರು. ಉಸಿರು ಹಿಡಿತಕ್ಕೆ ಬಂತು ಎಂಬ ಫೋನು ಬರುವವರೆಗೆ ಕಾಶಮ್ಮ ಗದ್ದಿಗೆಯ ಮುಂದಿನಿಂದ ಏಳಲಿಲ್ಲ. ಅವರ ಪ್ರಾಣ ಉಳಿಸಪ್ಪ ಎಂಬುದು ಬಿಟ್ಟು ಬೇರೆ ಮಾತು ಅವರ ಬಾಯಲ್ಲಿ ಇರಲಿಲ್ಲ.

ಯಾರೂ ಬಯ್ಯಲಿಲ್ಲ. ಕಾಶಮ್ಮನೇ ವಿದ್ಯಾಶ್ರೀಯ ಕೈ ಹಿಡಿದು ಕೂರಿಸಿಕೊಂಡು ಕೇಳಿದರು. "ನಿಜ ಹೇಳೇ. ಇದೇ ಮೊದ್ಲಾ?"

ಅವಳು ಅತ್ತುಬಿಟ್ಟಳು. "ಯುಗಾದಿಯಿಂದ್ಲೂ ಹಿಂಗೇ ದೊಡ್ಡಮ್ಮ. ಒಂದಿನ ಸಪ್ಪೆ, ಒಂದಿನ ಬಾಯಿಗೆ ಇಡಕ್ಕಾಗಲ್ಲ. ಒಂದಿನ ಪಾಯಸಕ್ಕೂ ಸಾರಿನಪುಡಿ ಬಿದ್ದಿತ್ತು. ಎಲ್ಲಾರೂ ಸುಮ್ನೆ ಉಂಡ್ರು."

ಯುಗಾದಿ ಕಳೆದು ಮಳೆಗಾಲ ಮುಗಿಯುತ್ತ ಬಂದಿತ್ತು. ಅಷ್ಟು ದಿನ ಎಷ್ಟು ಜನರ ಎಲೆಗೆ ಏನೇನು ಬಡಿಸಿದ್ದರೋ, ನೆನಪು ಮಾಡಿಕೊಳ್ಳಲು ಕೂತರೂ ಕಾಶಮ್ಮನವರಿಗೆ ಒಂದೂ ನೆನಪಾಗಲಿಲ್ಲ. ಆ ಪಾಯಸ ಕಾಯಿಸಿದ್ದೂ ಕೂಡ.

ಮರುದಿನ ಮಠದ ವ್ಯವಸ್ಥೆ ನೋಡಿಕೊಳ್ಳುವ ಷಡಕ್ಷರಿ ಬಂದರು. ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. "ಅಕ್ಕಾ, ನೀವೇ ಒಲೆ ಹತ್ರ ಇರಿ. ಎಡೆಗೆ ಮುಂಚೆ ವಿದ್ಯಾಶ್ರೀ ಒಂದು ಹನಿ ನಾಲಿಗೆಗೆ ಹಾಕಿ ನೋಡ್ಲಿ. ಆ ತಪ್ಪು ನನ್ನ ತಲೆ ಮೇಲಿರ್ಲಿ. ಯಾರಿಗೂ ಗೊತ್ತಾಗಲ್ಲ."

ಕಾಶಮ್ಮ ಒಲೆಯ ಪಕ್ಕದ ಡಬ್ಬಿಗಳನ್ನೇ ನೋಡುತ್ತಿದ್ದರು. ಏನು ಕೇಳಿದರು ಎಂಬುದು ಮರೆತುಹೋಯಿತೇನೋ ಎಂದು ವಿದ್ಯಾಶ್ರೀ ಹತ್ತಿರ ಬಂದಳು.

"ಉಪ್ಪು ಅವಳ ನಾಲಿಗೆಗೆ ಸಿಗ್ತದೆ ಷಡಕ್ಷರೀ" ಎಂದರು ಕಾಶಮ್ಮ. "ಉಪ್ಪಿನ ಪಕ್ಕದಲ್ಲೇ ಪಾತ್ರೆ ತೊಳೆಯೋ ಸೋಡಾಪುಡಿ ಡಬ್ಬಿ ಇರ್ತದೆ. ನಾಳೆ ಅದಕ್ಕೆ ಕೈ ಹಾಕಿದ್ರೆ? ಅವಳು ನಾಲಿಗೆಗೆ ಇಟ್ಕೊಂಡ್ಮೇಲೆ ತಾನೇ ಗೊತ್ತಾಗೋದು?"

"ಹಂಗೆಲ್ಲಾ ಆಗಲ್ಲ ಬಿಡಿ ಅಕ್ಕಾ."

"ಆಗಲ್ಲ ಅಂತ ನನಗೆ ಹೇಳಕ್ಕೆ ಬರಲ್ವಲ್ಲಪ್ಪ. ನಂಗೆ ಭಯ ಆಗ್ತದೆ. ಬೇಡ. ನೀವು ಇರಿ ಅಂತ ಕೇಳಿದ್ರಲ್ಲ, ಅಷ್ಟು ಸಾಕು. ಒಲೆ ಬೇರೆಯವರಿಗೆ ಕೊಡಿ."